ಅಲ್ಪವಿರಾಮದಲ್ಲಿ ಕಳೆದುಹೋದ ಸೂಲಗಿತ್ತಿಯರು

ಜುಲೈ ನಡುವಿಗೆ ಮಟ್ಟಾಂಚೇರಿಯಲ್ಲಿ ಮಳೆ ಹಿಡಿದುಕೊಂಡರೆ ಬಿಡುವುದಿಲ್ಲ. ಮಲಯಾಳಿ ಪಂಚಾಂಗದಲ್ಲಿ ಅದು ಕರ್ಕಿಡಕ ಮಾಸ. ಹಿಂದೂ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಎಳುತ್ತಚ್ಚನ್ನನ ಅಧ್ಯಾತ್ಮ ರಾಮಾಯಣ ಓದಲು ಕೂರುತ್ತಾರೆ. ತಿಂಗಳ ಮೊದಲ ದಿನ ಶುರುವಾದ ಓದು ತಿಂಗಳು ಮುಗಿಯುವಷ್ಟರಲ್ಲಿ ಮುಗಿಯಬೇಕು. ಊರಿನ ಹಳೆಯ ಅರಮನೆಯ ಗೋಡೆಗಳ ಮೇಲೂ ರಾಮಾಯಣದ ಚಿತ್ರಗಳೇ ಇವೆ.

ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಕೊಚ್ಚಿಯ ಸಿರೋ ಮಲಬಾರ್ ಚರ್ಚುಗಳಲ್ಲಿ ‘ಕೈತ್ತಾಕಾಲ’ ನಡೆಯುತ್ತಿರುತ್ತದೆ. ಕೈತ್ತಾ ಸಿರಿಯಾಕ್ ಪದ, ಅರ್ಥ ಬೇಸಿಗೆ. ಕೊಡೆ ಮಡಚಿಟ್ಟು, ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರಿಗೆ ಇದು ಬೇಸಿಗೆಯ ಇಂತಿಷ್ಟನೇ ಭಾನುವಾರ ಎಂದು ಹೇಳಲಾಗುತ್ತದೆ. ಯಾರೂ ನಗುವುದಿಲ್ಲ, ಯಾಕೆಂದರೆ ಹೆಸರು ಹವಾಮಾನದ್ದೆಂದು ಬಹಳ ಮಂದಿಗೆ ಗೊತ್ತಿಲ್ಲ. ಮೆಸೊಪೊಟೇಮಿಯಾದ ಬಯಲಿನಲ್ಲಿ ಹುಟ್ಟಿದ ಕ್ಯಾಲೆಂಡರು ಸಮುದ್ರ ದಾಟಿ ಮಲಬಾರಿಗೆ ಬಂತು. ಮಳೆಗಾಲ ಬಂದರೂ ಹೆಸರು ಬದಲಾಗಲಿಲ್ಲ.

ಚರ್ಚಿನ ವರ್ಷ ಎಂದರೆ ಇಂಥದ್ದು. ಅದಕ್ಕೆ ತನ್ನದೇ ಋತುಗಳಿವೆ: ಕ್ರಿಸ್ಮಸ್ಸಿಗೆ ಮೊದಲಿನ ಕಾಯುವಿಕೆ, ಈಸ್ಟರಿಗೆ ಮೊದಲಿನ ಉಪವಾಸ, ಆಮೇಲಿನ ಸಂಭ್ರಮ, ಮತ್ತೆ ಉದ್ದನೆಯ ಸಾಧಾರಣ ಕಾಲ. ಪ್ರತಿ ಭಾನುವಾರಕ್ಕೆ ಬೈಬಲ್‌ನ ಯಾವ ಪುಸ್ತಕದಿಂದ ಯಾವ ಅಧ್ಯಾಯದ ಯಾವ ವಾಕ್ಯದಿಂದ ಎಲ್ಲಿಯವರೆಗೆ ಓದಬೇಕು ಎಂಬ ಪಟ್ಟಿ ಇರುತ್ತದೆ. ಕೊಚ್ಚಿಯಲ್ಲಿ ಇಂಥ ಪಟ್ಟಿ ಒಂದಲ್ಲ. ಪೂರ್ವ ಸಿರಿಯಾಕ್ ಪರಂಪರೆಯ ಸಿರೋ ಮಲಬಾರಿಗಳಿಗೆ ನವೆಂಬರಿನ ವಾರಗಳಲ್ಲಿ ವರ್ಷ ಮುಗಿಯುತ್ತದೆ, ಆ ಕೊನೆಯ ಭಾಗದ ಹೆಸರು ಪಳ್ಳಿಕ್ಕೂದಾಶ, ಅಂದರೆ ದೇವಾಲಯದ ಪ್ರತಿಷ್ಠೆ. ಪಶ್ಚಿಮ ಸಿರಿಯಾಕ್ ಪರಂಪರೆಯ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಚರ್ಚುಗಳಿಗೆ ಅದೇ ಅರ್ಥದ ಕೂದೋಶ್ ಈತ್ತೋ ಭಾನುವಾರದಿಂದ ವರ್ಷ ಶುರುವಾಗುತ್ತದೆ. ಒಬ್ಬರ ಕೊನೆ, ಪಕ್ಕದ ಬೀದಿಯವರ ಆರಂಭ. ಲತೀನ್ ಕ್ಯಾಥೊಲಿಕರದು ರೋಮಿನ ಪಟ್ಟಿ. ಸಿಎಸ್ಐ ಚರ್ಚಿಗೆ ಅದರದೇ ಆದ ಪಂಚಾಂಗ, ವಾರಕ್ಕೊಂದು ವಿಷಯ.

ಕನ್ನಡದಲ್ಲಿ ಓದಿಗೆ ಎರಡು ಪದಗಳಿವೆ, ಎರಡನ್ನೂ ಒಂದೇ ಎಂಬಂತೆ ಬಳಸುವ ಅಭ್ಯಾಸವೂ ಇದೆ. ಪಾರಾಯಣ ಎಂದರೆ ಆ ದಡ ಮುಟ್ಟುವವರೆಗೆ ಹೋಗುವುದು. ನಡುವೆ ಬೇಸರದ ವಂಶಾವಳಿ ಬರಲಿ, ಕ್ರೌರ್ಯ ಬರಲಿ, ಬಿಡುವ ಹಾಗಿಲ್ಲ. ವಾಚನ ಹಾಗಲ್ಲ. ಗಮಕದ ಸಭೆಯಲ್ಲಿ ಕುಮಾರವ್ಯಾಸನ ಒಂದು ಪ್ರಸಂಗವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಕರ್ಕಿಡಕದ ರಾಮಾಯಣ ಪಾರಾಯಣ, ಚರ್ಚಿನ ಭಾನುವಾರದ ಓದು ವಾಚನ. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಮನೆಯಲ್ಲಿ ಬೈಬಲ್ ತೆರೆಯುವ ರೂಢಿಯಿಲ್ಲದ ಬಹಳಷ್ಟು ಕ್ರೈಸ್ತರಿಗೆ ಬೈಬಲ್ ಎಂದರೆ ಭಾನುವಾರ ಕಿವಿಗೆ ಬಿದ್ದಷ್ಟೇ. ಪಟ್ಟಿಯಲ್ಲಿಲ್ಲದ್ದು ಅವರ ಮಟ್ಟಿಗೆ ಬೈಬಲ್‌ನಲ್ಲೇ ಇಲ್ಲ.

ಮಟ್ಟಾಂಚೇರಿಯಲ್ಲಿ ಪಾರಾಯಣದ ಇನ್ನೊಂದು ಮನೆಯೂ ಇದೆ. ಅರಮನೆಯ ಮಗ್ಗುಲಿಗೆ, ಯಹೂದಿ ಬೀದಿಯ ಕೊನೆಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್. ಯಹೂದಿಗಳು ಮೋಶೆಯ ಐದು ಪುಸ್ತಕಗಳನ್ನು 54 ಭಾಗ ಮಾಡಿಕೊಂಡು ಸಬ್ಬತ್ತಿಗೊಂದರಂತೆ, ಕೆಲವೊಮ್ಮೆ ಎರಡನ್ನು ಕೂಡಿಸಿ, ವರ್ಷಕ್ಕೆ ಮುಗಿಸುತ್ತಾರೆ. ಸಿಮ್ಹತ್ ತೋರಾ ಹಬ್ಬದ ದಿನ ಕೊನೆಯ ಸಾಲು ಓದಿದ ಮೇಲೆ ಸುರುಳಿಯ ಮೊದಲಿಗೆ ಮರಳಿ ಸೃಷ್ಟಿಯ ಸಾಲು ಓದುತ್ತಾರೆ. ಒಂದು ಅಕ್ಷರ ಬಿಡುವಂತಿಲ್ಲ. ಅದರ ಜೊತೆಗೆ ಪ್ರವಾದಿಗಳಿಂದ ಓದುವ ತುಣುಕುಗಳು ಮಾತ್ರ ಆಯ್ದವು. ಅಂದರೆ ಕತ್ತರಿ ಅಲ್ಲೂ ಇದೆ, ಸುರುಳಿಯ ಹತ್ತಿರ ಬರುವುದಿಲ್ಲ ಅಷ್ಟೆ.

ಈಗ ಆ ಓದು ನಿಂತಿದೆ. ಸುರುಳಿಯನ್ನು ತೆಗೆದು ಸಾರ್ವಜನಿಕವಾಗಿ ಓದಲು ಹತ್ತು ಮಂದಿ ವಯಸ್ಕ ಗಂಡಸರು ಬೇಕೆಂಬುದು ಅವರ ಸಂಪ್ರದಾಯ. 1950ರ ದಶಕದ ನಡುವಿಗೆ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟುಹೋದರು. ಮಟ್ಟಾಂಚೇರಿಯಲ್ಲಿ ಉಳಿದವರು ಬೆರಳೆಣಿಕೆ. ಹೊರಗಿನಿಂದ ಬಂದವರು ಸೇರಿ ಹತ್ತು ಜನ ಕೂಡಿದರೆ ಪ್ರಾರ್ಥನೆ, ಇಲ್ಲದಿದ್ದರೆ ನೀಲಿ ಬಿಳಿ ಚೀನೀ ಹಾಸುಬಿಲ್ಲೆಗಳ ಮೇಲೆ ಪ್ರವಾಸಿಗರ ಬರಿಗಾಲು.

ಈ ಕಟ್ಟಡದಲ್ಲಿ ಪ್ರವಾಸಿಗರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಸಂಗತಿಯಿದೆ. ಸಿನಗಾಗ್‌ಗಳಲ್ಲಿ ಸಾಮಾನ್ಯವಾಗಿ ಓದುವ ವೇದಿಕೆಯೊಂದು ಇರುತ್ತದೆ. ಕೊಚ್ಚಿಯ ಸಿನಗಾಗ್‌ಗಳಲ್ಲಿ ಮಹಡಿಯ ಮೇಲೆ, ಹೆಂಗಸರು ಕೂರುವ ಜಾಗದ ಮುಂದೆ, ಎರಡನೆಯದೊಂದು ವೇದಿಕೆ ಇದೆ. ಸಬ್ಬತ್ತು, ಹಬ್ಬಗಳ ತೋರಾ ಓದು ಅಲ್ಲಿಂದ ನಡೆಯುತ್ತಿತ್ತು. ಹತ್ತರ ಲೆಕ್ಕದಲ್ಲಿ ಸೇರದ ಹೆಂಗಸರು ಓದಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದರು. ಅದೇ ಹೆಂಗಸರು ಬೈಬಲ್ ಕಥೆಗಳನ್ನು ಮಲಯಾಳದಲ್ಲಿ ಹಾಡಾಗಿಸಿ, ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ತಾಯಿಯಿಂದ ಮಗಳಿಗೆ ದಾಟಿಸಿದರು. ಆ ಪುಸ್ತಕಗಳು ಅವರೊಂದಿಗೆ ಇಸ್ರೇಲಿಗೂ ಹೋದವು. ಸ್ಕರಿಯಾ ಸಕ್ಕರಿಯ ಮತ್ತು ಒಫಿರಾ ಗಮ್ಲಿಯೇಲ್ ಆ ಹಾಡುಗಳನ್ನು ‘ಕಾರ್ಕುಳಲಿ’ ಎಂಬ ಹೆಸರಿನಲ್ಲಿ 2005ರಲ್ಲಿ ಪ್ರಕಟಿಸಿದರು.

ಚರ್ಚುಗಳಲ್ಲಿ ಇವತ್ತು ಹೆಂಗಸರು ವೇದಿಕೆಗೆ ಹತ್ತಿರ ಇರುವುದಷ್ಟೇ ಅಲ್ಲ, ಎಷ್ಟೋ ಕಡೆ ಓದುವವರೇ ಅವರು. ಮಂಗಳೂರಿರಲಿ, ಮೈಸೂರಿರಲಿ, ಕೊಚ್ಚಿಯಿರಲಿ, ಮೊದಲನೆಯ ವಾಚನಕ್ಕೆ ಎದ್ದು ಹೋಗುವುದು ಕಾಲೇಜು ಹುಡುಗಿಯೋ ಶಾಲೆಯ ಟೀಚರೋ ಆಗಿರುತ್ತಾರೆ. ಅವರ ಕೈಗೆ ಬರುವ ಪುಟದಲ್ಲಿ ಏನಿದೆ, ಏನಿಲ್ಲ ಎಂಬುದು ಈ ಬರಹದ ಪ್ರಶ್ನೆ.

1969ಕ್ಕೆ ಮೊದಲು ಕ್ಯಾಥೊಲಿಕರ ಭಾನುವಾರದ ಪಟ್ಟಿ ವರ್ಷ ವರ್ಷವೂ ಒಂದೇ ಆಗಿತ್ತು. ಹಳೆಯ ಒಡಂಬಡಿಕೆ ಅದರಲ್ಲಿ ಅಪರೂಪ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೈಬಲ್‌ನ ಭಂಡಾರವನ್ನು ಜನರಿಗೆ ಇನ್ನೂ ಧಾರಾಳವಾಗಿ ತೆರೆಯಬೇಕೆಂದು ತೀರ್ಮಾನಿಸಿತು. ಅದರ ಫಲವೇ ಮೂರು ವರ್ಷದ ಹೊಸ ಚಕ್ರ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುನಡುವೆ ಯೋಹಾನ. ವಾರದ ದಿನಗಳ ಮೊದಲ ವಾಚನಕ್ಕೆ ಬೇರೆ ಎರಡು ವರ್ಷದ ಚಕ್ರ. ಪ್ರಾಟೆಸ್ಟಂಟ್ ಸಭೆಗಳು ಅದನ್ನೇ ಮಾದರಿ ಮಾಡಿಕೊಂಡು ತಿದ್ದಿದವು. 1992ರಲ್ಲಿ ಬಂದ ಪರಿಷ್ಕೃತ ಸಾಮಾನ್ಯ ಪಟ್ಟಿ ಜಗತ್ತಿನ ಅನೇಕ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಇಂದು ಬಳಕೆಯಲ್ಲಿದೆ. ಇದು ದೊಡ್ಡ ಕೆಲಸ, ಒಳ್ಳೆಯ ಕೆಲಸ. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಬೇಕು.

ಬೆಸ ಸಂಖ್ಯೆಯ ವರ್ಷಗಳಲ್ಲಿ, ಸಾಧಾರಣ ಕಾಲದ ಹದಿನೈದನೆಯ ವಾರದ ಸೋಮವಾರ, ಕ್ಯಾಥೊಲಿಕ್ ಚರ್ಚುಗಳಲ್ಲಿ ವಿಮೋಚನಕಾಂಡದ ಮೊದಲ ಅಧ್ಯಾಯ ಓದಲಾಗುತ್ತದೆ. ಪಟ್ಟಿಯಲ್ಲಿ ಅದನ್ನು ಸೂಚಿಸುವ ಬಗೆ ಹೀಗೆ: 1:8-14, 22. ಫರೋಹ ಇಸ್ರಾಯೇಲ್ಯರನ್ನು ಬಿಟ್ಟಿದುಡಿಮೆಗೆ ಹಚ್ಚುತ್ತಾನೆ, ಆಮೇಲೆ ಅವರ ಗಂಡುಕೂಸುಗಳನ್ನೆಲ್ಲ ನದಿಗೆ ಎಸೆಯಲು ಆಜ್ಞೆ ಮಾಡುತ್ತಾನೆ. ಕಥೆ ಸರಾಗವಾಗಿ ಸಾಗುತ್ತದೆ. ಹದಿನಾಲ್ಕಕ್ಕೂ ಇಪ್ಪತ್ತೆರಡಕ್ಕೂ ನಡುವೆ ಇರುವುದು ಒಂದು ಅಲ್ಪವಿರಾಮ.

ಆ ಅಲ್ಪವಿರಾಮದೊಳಗೆ ಇಬ್ಬರು ಸೂಲಗಿತ್ತಿಯರಿದ್ದಾರೆ, ಶಿಫ್ರಾ ಮತ್ತು ಪೂವಾ. ಹೆರಿಗೆ ಮಾಡಿಸುವಾಗ ಗಂಡು ಮಗುವಾದರೆ ಕೊಲ್ಲಿ ಎಂದು ಫರೋಹ ಮೊದಲು ಹೇಳಿದ್ದು ಇವರಿಗೆ. ಇವರು ಕೊಲ್ಲಲಿಲ್ಲ. ಯಾಕೆ ಎಂದು ಕೇಳಿದಾಗ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲಿ ಹೆತ್ತುಬಿಟ್ಟಿರುತ್ತಾರೆ ಎಂದು ದೊರೆಯ ಮುಖಕ್ಕೇ ಸುಳ್ಳು ಹೇಳಿದರು. ಬೈಬಲ್ ಫರೋಹನ ಹೆಸರನ್ನು ದಾಖಲಿಸಿಲ್ಲ, ಈ ಇಬ್ಬರ ಹೆಸರನ್ನು ದಾಖಲಿಸಿದೆ. ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಸಂಭ್ರಮಿಸಿದ ಕನ್ನಡಿಗರಿಗೆ ಈ ಪದದ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೋಮವಾರ ಚರ್ಚಿಗೆ ಹೋದವರಿಗೆ ಮಾತ್ರ ಆ ಪದ ಕೇಳುವುದಿಲ್ಲ.

ಇದೊಂದೇ ಆಗಿದ್ದರೆ ಸಮಯ ಉಳಿಸಲು ಮಾಡಿದ್ದು ಎನ್ನಬಹುದಿತ್ತು. ಅರಸುಗಳು ಎರಡನೆಯ ಭಾಗದಲ್ಲಿ, ಯೋಷೀಯ ದೊರೆಯ ಕಾಲದಲ್ಲಿ, ದೇವಾಲಯದಲ್ಲಿ ಧರ್ಮಶಾಸ್ತ್ರದ ಮರೆತುಹೋಗಿದ್ದ ಗ್ರಂಥವೊಂದು ಸಿಗುತ್ತದೆ. ಅದು ನಿಜಕ್ಕೂ ದೇವರ ಮಾತೇ ಎಂದು ವಿಚಾರಿಸಲು ದೊರೆ ಪುರೋಹಿತರನ್ನು ಕಳಿಸುವುದು ಹುಲ್ದಾ ಎಂಬ ಪ್ರವಾದಿನಿಯ ಬಳಿಗೆ. ಹೌದು ಎಂದು ಹೇಳುವವಳು ಅವಳು. ಪಟ್ಟಿ ಸೂಚಿಸುವುದು 22:8-13, ಆಮೇಲೆ 23:1-3. ಗ್ರಂಥ ಸಿಕ್ಕಿತು, ದೊರೆ ಬಟ್ಟೆ ಹರಿದುಕೊಂಡ, ಜನರನ್ನು ಸೇರಿಸಿ ಓದಿಸಿದ. ಗ್ರಂಥಕ್ಕೆ ಪ್ರಾಮಾಣ್ಯ ಕೊಟ್ಟ ಹೆಂಗಸು ಜಿಗಿದ ಜಾಗದಲ್ಲಿ ಉಳಿದಳು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಓದುವ ದಿನವೂ ಹಾಗೆಯೇ. ಓದು ಮೂರನೆಯ ವಾಕ್ಯದಿಂದ ಶುರು. ಮೊದಲೆರಡು ವಾಕ್ಯಗಳಲ್ಲಿ ಪೌಲನು ಫೊಯಿಬೆ ಎಂಬವಳನ್ನು ಪರಿಚಯಿಸಿ, ಕೆಂಖ್ರೆಯ ಸಭೆಯ ‘ದಿಯಾಕೊನೊಸ್’ ಎಂದು ಕರೆಯುತ್ತಾನೆ. ಆ ಗ್ರೀಕ್ ಪದಕ್ಕೆ ಬರೀ ಸೇವಕಿ ಎನ್ನಬೇಕೇ, ಗಂಡಸಿಗೆ ಬಂದಾಗ ಕೊಡುವ ಪದವಿಯ ಹೆಸರನ್ನೇ ಕೊಡಬೇಕೇ ಎಂದು ಅನುವಾದಕರು ಬಹುಕಾಲದಿಂದ ಜಗಳವಾಡುತ್ತ ಬಂದಿದ್ದಾರೆ. ಪಟ್ಟಿ ಆ ಜಗಳವನ್ನು ಸುಲಭವಾಗಿ ಬಗೆಹರಿಸಿತು: ವಾಕ್ಯವನ್ನೇ ಓದದೆ.

ಇಲ್ಲಿ ಭಾಷೆಯ ಒಂದು ಕುಶಲತೆಯೂ ಕೆಲಸ ಮಾಡುತ್ತದೆ. ಯಾವುದೇ ಕಥನವನ್ನು ನಡುವೆ ಕತ್ತರಿಸಿದರೆ ಗಾಯ ಕಾಣುತ್ತದೆ. ‘ಅವನು’ ಎಂದರೆ ಯಾರು, ‘ಆದುದರಿಂದ’ ಎಂದರೆ ಯಾವುದರಿಂದ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ವಾಚನಗ್ರಂಥದಲ್ಲಿ ಸರ್ವನಾಮದ ಬದಲು ಹೆಸರು ಹಾಕಿ, ಶುರುವಿನಲ್ಲಿ ‘ಆ ಕಾಲದಲ್ಲಿ’ ಎಂಬಂಥ ಮಾತು ಸೇರಿಸಿ ಹೊಲಿದಿರುತ್ತಾರೆ. ಕೇಳುವವರಿಗೆ ಅನುಕೂಲವಾಗಲೆಂದೇ ಮಾಡಿದ್ದು. ಆದರೆ ಹೊಲಿಗೆ ಎಷ್ಟು ನಯವೋ ಬಿಟ್ಟದ್ದು ಅಷ್ಟು ಅದೃಶ್ಯ. ಅಲ್ಪವಿರಾಮವನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಹಾಗೆಂದು ಕತ್ತರಿಯೇ ಕೂಡದು ಎನ್ನಲಾಗದು. ಅದಕ್ಕೆ ಬೈಬಲ್‌ನಲ್ಲೇ ಬಹು ದೊಡ್ಡ ಸಾಕ್ಷಿ ಇದೆ. ಲೂಕನ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ನಜರೇತಿನ ಸಿನಗಾಗ್‌ಗೆ ಹೋಗಿ ಯೆಶಾಯನ ಸುರುಳಿ ಬಿಚ್ಚಿ ಓದುತ್ತಾನೆ: ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕರ್ತನು ನೇಮಿಸಿದ ಶುಭವರ್ಷ. ಓದಿ ಸುರುಳಿ ಸುತ್ತಿ ಕೊಡುತ್ತಾನೆ. ಯೆಶಾಯನ 61ನೆಯ ಅಧ್ಯಾಯ ತೆರೆದು ನೋಡಿದರೆ ಅಲ್ಲಿ ವಾಕ್ಯ ಮುಗಿದಿಲ್ಲ. ಮುಂದಿರುವುದು ದೇವರು ಸೇಡು ತೀರಿಸುವ ದಿನದ ಮಾತು. ಯೇಸು ಅರ್ಧ ವಾಕ್ಯಕ್ಕೆ ನಿಲ್ಲಿಸಿದ್ದಾನೆ. ಸುರುಳಿ ಬಾಯಿಪಾಠವಾಗಿದ್ದವರ ಮುಂದೆ ಹಾಗೆ ನಿಲ್ಲಿಸುವುದು ತಾನೇ ಒಂದು ವ್ಯಾಖ್ಯಾನ. ಅಲ್ಲಿ ಕೂತಿದ್ದವರಿಗೆ ಮುಂದಿನ ಪದ ಗೊತ್ತಿತ್ತು, ಅದು ಬರಲಿಲ್ಲವೆಂಬುದೂ ಗೊತ್ತಾಯಿತು. ಇಂದಿನ ಪಟ್ಟಿಗೂ ಆ ಓದಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡ ವ್ಯತ್ಯಾಸ.

ಸೇಡಿನ ಮಾತುಗಳನ್ನು ಪಟ್ಟಿಗಳೂ ಬಿಡುತ್ತವೆ. 137ನೆಯ ಕೀರ್ತನೆಯಲ್ಲಿ ಬಾಬೆಲಿನ ನದಿಗಳ ಬಳಿ ಕೂತು ಅತ್ತವರು ಕೊನೆಗೆ ಶತ್ರುವಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆನ್ನುತ್ತಾರೆ. ಕ್ಯಾಥೊಲಿಕ್ ಭಾನುವಾರದಲ್ಲಿ ಆರನೆಯ ವಾಕ್ಯಕ್ಕೆ ಓದು ಮುಗಿಯುತ್ತದೆ. ಗುರುಗಳ ನಿತ್ಯಪ್ರಾರ್ಥನೆಯ ಗ್ರಂಥದಿಂದ 58, 83, 109ನೆಯ ಕೀರ್ತನೆಗಳನ್ನು ಶಾಪವಿದೆಯೆಂದು ಇಡಿಯಾಗಿ ತೆಗೆದಿದ್ದಾರೆ. ಮಕ್ಕಳು ಕೂತಿರುವ ಸಭೆಯಲ್ಲಿ ಆ ಸಾಲು ಬೇಡ ಎಂಬುದು ಅರ್ಥವಾಗುವ ಮಾತು. ಆದರೆ ಅದು ಊರು ಸುಟ್ಟುಹೋದ, ಗಡೀಪಾರಾದ ಜನರ ಸಿಟ್ಟು. ಆ ಸಿಟ್ಟನ್ನು ಬಲ್ಲವರು ಇಂದಿನ ಪೀಠಗಳ ಮುಂದೆಯೂ ಕೂತಿರುತ್ತಾರೆ; ಕೇರಿಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಕೀರ್ತನೆಯ ಅಳು ಮಾತ್ರ ಕೊಟ್ಟು ಕೋಪವನ್ನು ಕಿತ್ತುಕೊಂಡರೆ ಅರ್ಧ ಮನುಷ್ಯರನ್ನಷ್ಟೇ ಒಳಗೆ ಬಿಟ್ಟಂತಾಗುತ್ತದೆ. ಇಲ್ಲಿ ಸುಲಭದ ಉತ್ತರ ಸಿಗುವುದಿಲ್ಲ. ಸೂಲಗಿತ್ತಿಯರ ವಿಷಯದಲ್ಲಿ ಮಾತ್ರ ಸಿಗುತ್ತದೆ, ಯಾಕೆಂದರೆ ಅವರನ್ನು ಬಿಟ್ಟದ್ದರಿಂದ ಯಾರ ಕಿವಿಗೂ ಯಾವ ಕ್ರೌರ್ಯವೂ ತಪ್ಪಲಿಲ್ಲ. ಕೂಸುಗಳನ್ನು ನದಿಗೆ ಎಸೆಯುವ ವಾಕ್ಯ ಹಾಗೇ ಇದೆ.

ಜನ ಯಾವ ಗ್ರಂಥವನ್ನು ಕೇಳಬೇಕೆಂದು ಯಾರು ನಿರ್ಧರಿಸಬೇಕು ಎಂಬ ಜಗಳಕ್ಕೆ ಮಟ್ಟಾಂಚೇರಿಯ ಸುತ್ತ ಹಳೆಯ ಇತಿಹಾಸವಿದೆ. 1599ರ ಜೂನ್ 20ರಂದು, ಕೊಚ್ಚಿಯ ದಕ್ಷಿಣಕ್ಕಿರುವ ಉದಯಂಪೇರೂರಿನಲ್ಲಿ, ಗೋವೆಯ ಆರ್ಚ್‌ಬಿಷಪ್ ಅಲೆಶೊ ದ ಮೆನೆಜಿಸ್ ಸಭೆ ಸೇರಿಸಿದ. ಸಂತ ತೋಮಾ ಕ್ರೈಸ್ತರ ಸಿರಿಯಾಕ್ ಗ್ರಂಥಗಳಲ್ಲಿ ಪಾಷಂಡ ವಿಚಾರಗಳಿವೆಯೆಂದು ಒಂದು ಪಟ್ಟಿ ಮಾಡಿ, ಅವನ್ನು ಒಪ್ಪಿಸಬೇಕು, ತಿದ್ದಬೇಕು ಇಲ್ಲವೇ ಸುಡಬೇಕು ಎಂದು ಆಜ್ಞೆಯಾಯಿತು. ಎಷ್ಟೋ ಹಸ್ತಪ್ರತಿಗಳು ಬೂದಿಯಾದವು.

ಅದೇ ಸಭೆ ಇನ್ನೊಂದನ್ನೂ ಗಮನಿಸಿತು. ಇಲ್ಲಿಯ ಜನ ಓದುತ್ತಿದ್ದ ಪೆಶಿತ್ತಾ ಎಂಬ ಸಿರಿಯಾಕ್ ಬೈಬಲ್‌ನಲ್ಲಿ ಪ್ರಕಟನೆಯ ಗ್ರಂಥವೂ ಕೆಲವು ಚಿಕ್ಕ ಪತ್ರಗಳೂ ಇಲ್ಲ. ಯೋಹಾನನ ಎಂಟನೆಯ ಅಧ್ಯಾಯದ ಶುರುವಿನಲ್ಲಿ ಬರುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯೂ ಇಲ್ಲ. ಕಲ್ಲೆಸೆದು ಕೊಲ್ಲಲು ಎಳೆತಂದವರ ಮುಂದೆ ಯೇಸು ನೆಲದ ಮೇಲೆ ಬೆರಳಿನಿಂದ ಬರೆಯುತ್ತ ಕೂರುವ ಆ ಕಥೆ ಯಾರಿಗೆ ಗೊತ್ತಿಲ್ಲ! ಸಭೆ ಅದನ್ನು ಸೇರಿಸಲು ಆಜ್ಞೆ ಮಾಡಿತು. ಅತ್ಯಂತ ಹಳೆಯ ಗ್ರೀಕ್ ಪ್ರತಿಗಳಲ್ಲೂ ಆ ಕಥೆ ಇಲ್ಲವೆಂದು ವಿದ್ವಾಂಸರು ಒಪ್ಪಿಕೊಂಡದ್ದು ಬಹಳ ಆಮೇಲೆ. ಅಂದರೆ ಮಲಬಾರಿನವರ ಪುಸ್ತಕ ದೋಷದ್ದಾಗಿರಲಿಲ್ಲ, ಹಳೆಯ ಪಾಠವನ್ನು ಉಳಿಸಿಕೊಂಡಿತ್ತು. ಹಾಗಿದ್ದೂ, ಬೈಬಲ್ ಬಲ್ಲ ಯಾವ ಹೆಂಗಸೂ ಆ ಕಥೆಯನ್ನು ಬಿಟ್ಟುಕೊಡಲು ಒಪ್ಪಲಿಕ್ಕಿಲ್ಲ. ಪುಸ್ತಕ ಸುಟ್ಟ ಕೈಯೇ ಈ ಕಥೆಯನ್ನೂ ತಂದುಕೊಟ್ಟಿತು ಎಂಬುದು ನುಂಗಲು ಕಷ್ಟದ ಸತ್ಯ.

ಉದಯಂಪೇರೂರಿನಿಂದ ಒಳಗೊಳಗೇ ಬೆಳೆದ ಅಸಮಾಧಾನ 54 ವರ್ಷಗಳ ನಂತರ ಮಟ್ಟಾಂಚೇರಿಯಲ್ಲಿ ಸಿಡಿಯಿತು. 1653ರ ಜನವರಿ 3ರಂದು ಇಲ್ಲಿನ ಶಿಲುಬೆಗೆ ಹಗ್ಗ ಕಟ್ಟಿ, ಮುಟ್ಟಲು ಜಾಗ ಸಾಲದವರು ಹಗ್ಗ ಹಿಡಿದು, ಆರ್ಚ್‌ಬಿಷಪ್ ಗಾರ್ಸಿಯಾನಿಗೂ ಜೆಸುಯಿಟರಿಗೂ ಇನ್ನು ಅಧೀನರಾಗಿರುವುದಿಲ್ಲವೆಂದು ಪ್ರಮಾಣ ಮಾಡಿದರು. ಎಳೆತಕ್ಕೆ ಶಿಲುಬೆ ವಾಲಿತೆಂದು ಜನ ಹೇಳುತ್ತಾರೆ, ಅದಕ್ಕೇ ಕೂನನ್ ಕುರಿಶು, ಬಾಗಿದ ಶಿಲುಬೆ. ಕೊಚ್ಚಿಯಲ್ಲಿ ಇಂದು ಎರಡು ಸಿರಿಯಾಕ್ ಕ್ಯಾಲೆಂಡರುಗಳು ಇರುವುದರ ಬೇರು ಆ ಒಡಕಿನಲ್ಲಿದೆ.

ಆಮೇಲಿನ ಜಗಳಗಳು ಹೆಚ್ಚಾಗಿ ಭಾಷೆಯವು. ಸಿರೋ ಮಲಬಾರ್ ಪೂಜೆ ಸಿರಿಯಾಕ್ ಬಿಟ್ಟು ಮಲಯಾಳಕ್ಕೆ ಬಂದದ್ದು 1962ರಲ್ಲಿ. ಕನ್ನಡದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೇ ಇಡೀ ಬೈಬಲ್ ಮುಗಿಸಿದ್ದರೂ, ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲಾಗಬೇಕೋ ತಮಿಳಿನಲ್ಲೋ ಎಂಬ ಹೋರಾಟ ದಶಕಗಳ ಕಾಲ ನಡೆಯಿತು. ಪದಗಳಲ್ಲೂ ಪಂಗಡಗಳಿವೆ. ಒಬ್ಬರಿಗೆ ಸುವಾರ್ತೆ, ಇನ್ನೊಬ್ಬರಿಗೆ ಶುಭಸಂದೇಶ. ಒಬ್ಬರ ಯೋಹಾನ ಇನ್ನೊಬ್ಬರ ಯೊವಾನ್ನ. ಗಡಿ ದಾಟಿದರೆ ಯೇಶು ಮತ್ತು ಈಶೋ. ಈ ಜಗಳಗಳು ಸಣ್ಣವಲ್ಲ, ತಾಯ್ನುಡಿಯಲ್ಲಿ ದೇವರ ಮಾತು ಕೇಳುವ ಹಕ್ಕಿಗಾಗಿ ಜನ ನಿಜಕ್ಕೂ ಪೆಟ್ಟು ತಿಂದಿದ್ದಾರೆ. ಆದರೆ ಯಾವ ಭಾಷೆಯಲ್ಲಿ ಓದಬೇಕು ಎಂದು ಕೇಳಿದಷ್ಟು ಜೋರಾಗಿ ಏನನ್ನು ಓದಬೇಕು ಎಂದು ಕೇಳಲಿಲ್ಲ. ಸೂಲಗಿತ್ತಿಯರಿಲ್ಲದ ಕಥೆ ಕನ್ನಡಕ್ಕೂ ಮಲಯಾಳಕ್ಕೂ ಕೊಂಕಣಿಗೂ ಹಾಗೇ ಬಂತು. ಅಚ್ಚ ಕನ್ನಡದಲ್ಲಿ, ಹೊಲಿಗೆ ಕಾಣದಂತೆ.

ಪಟ್ಟಿಯನ್ನೇ ಎಸೆಯಿರಿ ಎಂಬ ವಾದವೂ ಇದೆ, ಹಾಗೆ ಮಾಡಿದ ಸಭೆಗಳೂ ಇವೆ. ಅಲ್ಲಿ ಏನಾಗುತ್ತದೆಂದು ಹೋದವರಿಗೆ ಗೊತ್ತು. ಬೋಧಕರಿಗೆ ಇಷ್ಟವಾದ ಇಪ್ಪತ್ತು ಮೂವತ್ತು ಅಧ್ಯಾಯಗಳು ಸುತ್ತಿ ಸುತ್ತಿ ಬರುತ್ತವೆ, ಆಶೀರ್ವಾದದ ವಾಕ್ಯಗಳಿಗೆ ಕೊನೆಯಿಲ್ಲ. ಪಟ್ಟಿಯಿದ್ದರೆ ಐಶ್ವರ್ಯವಂತನೂ ಒಂಟೆಯೂ ಬರುವ ಭಾನುವಾರ ಬಂದೇ ಬರುತ್ತದೆ, ಮುಂದಿನ ಸಾಲಿನಲ್ಲಿ ಎಷ್ಟೇ ದೊಡ್ಡ ದಾನಿ ಕೂತಿರಲಿ. ಗುರುಗಳ ಇಷ್ಟಾನಿಷ್ಟದಿಂದ ಜನರನ್ನು ಕಾಯುವುದು ಪಟ್ಟಿಯೇ. ಬೇಕಾದದ್ದು ಅದನ್ನು ಮಾಡಿದವರ ಇಷ್ಟಾನಿಷ್ಟವೂ ಜನರಿಗೆ ಕಾಣುವ ಏರ್ಪಾಡು.

ಅದೇನು ಕಷ್ಟದ್ದಲ್ಲ. ಎಷ್ಟೋ ಚರ್ಚುಗಳಲ್ಲಿ ಭಾನುವಾರದ ಹಾಳೆ ಅಚ್ಚಾಗುತ್ತದೆ, ವಾಚನಗಳು ವಾಟ್ಸ್‌ಆ್ಯಪ್‌ನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಬರುತ್ತವೆ. ಬಿಟ್ಟ ವಾಕ್ಯಗಳನ್ನು ಸಣ್ಣ ಅಕ್ಷರದಲ್ಲಾದರೂ ಅಲ್ಲಿ ಅಚ್ಚು ಮಾಡಬಹುದು. ರೋಮಿನ ಪಟ್ಟಿಯನ್ನು ಸ್ಥಳೀಯ ಗುರು ಬದಲಾಯಿಸುವಂತಿಲ್ಲ, ನಿಜ. ಆದರೆ ಪ್ರಬೋಧನೆಯಲ್ಲಿ ಶಿಫ್ರಾ, ಪೂವಾ ಎಂಬ ಹೆಸರು ಎತ್ತಬಾರದೆಂದು ಯಾವ ನಿಯಮವೂ ಇಲ್ಲ. ಮತ್ತೆ, ಓದಲು ಹೋಗುವ ಹುಡುಗಿ ಹಿಂದಿನ ರಾತ್ರಿ ಮನೆಯ ಬೈಬಲ್ ತೆಗೆದು ಆ ಇಡೀ ಅಧ್ಯಾಯ ಓದಿಕೊಂಡರೆ, ಮರುದಿನ ಅಲ್ಪವಿರಾಮ ಬರುವ ಜಾಗದಲ್ಲಿ ಅವಳ ದನಿ ಒಂದು ಕ್ಷಣ ನಿಂತೀತು.

ಪ್ರಾಟೆಸ್ಟಂಟರು ಈ ವಿಷಯದಲ್ಲಿ ಬೀಗುವ ಹಾಗಿಲ್ಲ. ಪರಿಷ್ಕೃತ ಸಾಮಾನ್ಯ ಪಟ್ಟಿ ಸೂಲಗಿತ್ತಿಯರನ್ನು ಒಂದು ಭಾನುವಾರಕ್ಕೆ ತಂದಿದೆ, ಒಳ್ಳೆಯದು. ಆದರೆ ನ್ಯಾಯಸ್ಥಾಪಕರ ಗ್ರಂಥದಿಂದ ಅದು ಭಾನುವಾರಗಳಿಗೆ ತೆಗೆದುಕೊಳ್ಳುವುದು ಒಂದೇ ಒಂದು ತುಣುಕು. ಹರಕೆಗಾಗಿ ತಂದೆ ಬಲಿಕೊಟ್ಟ ಯೆಫ್ತಾಹನ ಮಗಳು ಅಲ್ಲಿಲ್ಲ. ಅವಳನ್ನು ಕೇಳಬೇಕಾದರೆ ಕ್ಯಾಥೊಲಿಕರ ವಾರದ ದಿನದ ಪೂಜೆಗೇ ಹೋಗಬೇಕು. ಉದಯಂಪೇರೂರಿನ ಸಭೆ ಬಲವಂತವಾಗಿ ಸೇರಿಸಿದ ಯೋಹಾನನ ಎಂಟನೆಯ ಅಧ್ಯಾಯದ ಹೆಂಗಸೂ ಅದರಲ್ಲಿ ಇಲ್ಲ.

ಈಸ್ಟರಿಗೆ ಎರಡು ವಾರ ಮುಂಚಿನ ಭಾನುವಾರ ಇದು ಸ್ಪಷ್ಟವಾಗಿ ಕಾಣುತ್ತದೆ. ಲೂಕನ ವರ್ಷದಲ್ಲಿ ಆ ದಿನ ಎರಡು ಪಟ್ಟಿಗಳೂ ಒಂದೇ ಯೆಶಾಯನನ್ನು, ಒಂದೇ 126ನೆಯ ಕೀರ್ತನೆಯನ್ನು, ಫಿಲಿಪ್ಪಿಯವರಿಗೆ ಬರೆದ ಪತ್ರದ ಒಂದೇ ಅಧ್ಯಾಯವನ್ನು ಓದಿಸುತ್ತವೆ. ನಾಲ್ಕನೆಯ ಓದಿನಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಮುಂದೆ ಅಂಥ ದಿನ ಬರುವುದು 2028ರ ಏಪ್ರಿಲ್ 2ಕ್ಕೆ. ಅಂದು ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕದಲ್ಲಿ, ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್‌ನಲ್ಲಿ, ಕಲ್ಲು ಹಿಡಿದವರ ನಡುವೆ ನಿಂತ ಹೆಂಗಸಿನ ಕಥೆ ಕೇಳಬೇಕು. ಪರಿಷ್ಕೃತ ಪಟ್ಟಿ ಹಿಡಿದ ಚರ್ಚುಗಳಲ್ಲಿ ಅದೇ ಹೊತ್ತಿಗೆ ಯೋಹಾನನ ಹನ್ನೆರಡನೆಯ ಅಧ್ಯಾಯ: ಬೆಥಾನಿಯದ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿ ತಲೆಗೂದಲಿನಿಂದ ಒರೆಸುತ್ತಾಳೆ, ಇಷ್ಟೊಂದು ದುಡ್ಡು ದಂಡವಾಯಿತಲ್ಲ ಎಂದು ಯೂದನು ಗೊಣಗುತ್ತಾನೆ, ಅವಳನ್ನು ಬಿಡು ಎಂದು ಯೇಸು ಹೇಳುತ್ತಾನೆ.